ಕ್ಲಬ್ ವಾಲಿಬಾಲ್ ಟ್ರೈಔಟ್: ಆಫರ್ ಬರುವ ಮೊದಲೇ ಮುಗಿಸಬೇಕಾದ ಲೆಕ್ಕ

ಟ್ರೈಔಟ್, ಅಂದರೆ ಕ್ಲಬ್ ತಂಡಕ್ಕೆ ಆಟಗಾರರನ್ನು ಆರಿಸುವ ಪರೀಕ್ಷೆ, ಮುಗಿದ ರಾತ್ರಿ ಒಂದು ಈಮೇಲ್ ಬರುತ್ತದೆ. ನಿಮ್ಮ ಮಗಳಿಗೆ 14-2 ತಂಡದಲ್ಲಿ (14ರ ವಯಸ್ಸಿನ ಗುಂಪಿನ ಎರಡನೆಯ ತಂಡ) ಜಾಗ ಇದೆ, ನಾಳೆ ಸಂಜೆಯೊಳಗೆ ಸಹಿ ಮಾಡಿ ಮುಂಗಡ ಕಟ್ಟಿ ಎಂದು ಅದರಲ್ಲಿರುತ್ತದೆ. ಸಾವಿರಾರು ಡಾಲರ್ ಖರ್ಚು, ಬೇಸಿಗೆಯವರೆಗಿನ ವಾರಾಂತ್ಯಗಳು, ವಾರಕ್ಕೆ ಎರಡು ಮೂರು ಸಂಜೆಯ ಅಭ್ಯಾಸ. ಇಷ್ಟನ್ನೂ ಒಂದೇ ದಿನದಲ್ಲಿ ತೀರ್ಮಾನಿಸಬೇಕು. ಅಮೆರಿಕದ ಕ್ಲಬ್ ವಾಲಿಬಾಲ್‌ನಲ್ಲಿ ಇದು ಮಾಮೂಲಿ. ಗಡುವು ಚಿಕ್ಕದಾಗಿರುವುದಕ್ಕೆ ಕಾರಣವೂ ಇದೆ: ಒಬ್ಬಳು ಬೇಡ ಎಂದರೆ ಪಟ್ಟಿಯಲ್ಲಿ ಮುಂದಿನವಳನ್ನು ಬೇರೆ ಕ್ಲಬ್ ಕರೆದುಕೊಳ್ಳುವ ಮೊದಲೇ ಕೇಳಬೇಕು. ಹಾಗಾಗಿ ಯಾವ ಕ್ಲಬ್, ಯಾವ ತಂಡ, ಯಾವ ಸ್ಥಾನ, ಹೆಚ್ಚೆಂದರೆ ಎಷ್ಟು ದುಡ್ಡು ಎಂಬುದನ್ನು ಟ್ರೈಔಟ್‌ಗೆ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆಫರ್ ಬಂದ ದಿನ ಅದರ ಜೊತೆ ತಾಳೆ ನೋಡುವ ಕೆಲಸವಷ್ಟೇ ಉಳಿದಿರಬೇಕು.

ಮೊದಲು ದಿನಾಂಕ. ಯುಎಸ್‌ಎ ವಾಲಿಬಾಲ್ ಸಂಸ್ಥೆ ದೇಶವನ್ನು 40 ರೀಜನ್‌ಗಳಾಗಿ ಹಂಚಿಕೊಂಡಿದೆ. ಟ್ರೈಔಟ್ ಯಾವಾಗ, ಆಫರ್ ಎಂದಿನಿಂದ ಕೊಡಬಹುದು, ಉತ್ತರ ಕೊಡಲು ಮಗುವಿಗೆ ಎಷ್ಟು ಸಮಯ ಇರಬೇಕು ಎಂಬ ನಿಯಮಗಳು ರೀಜನ್‌ನಿಂದ ರೀಜನ್‌ಗೆ ಬೇರೆ. ಟೆಕ್ಸಸ್‌ನಂಥ ಕಡೆ ಬೇಸಿಗೆಯಲ್ಲೇ ಟ್ರೈಔಟ್ ಮುಗಿದುಹೋಗುತ್ತದೆ. ಇನ್ನೂ ಹಲವು ಕಡೆ ಶಾಲಾ ತಂಡದ ಸೀಸನ್ ಮುಗಿದ ಮೇಲೆ, ಅಕ್ಟೋಬರ್–ನವೆಂಬರ್‌ನಲ್ಲಿ. 14 ಮತ್ತು ಅದಕ್ಕಿಂತ ಚಿಕ್ಕವರಿಗೆ ಒಂದು ವಾರ, 15ರಿಂದ ಮೇಲಿನವರಿಗೆ ಇನ್ನೊಂದು ವಾರ ಇಡುವುದೂ ಉಂಟು. ಬೇರೆ ರಾಜ್ಯದ ಗೆಳೆಯರು ಹೇಳಿದ ದಿನಾಂಕ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ರೀಜನ್‌ನ ಈ ವರ್ಷದ ಟ್ರೈಔಟ್ ನಿಯಮವನ್ನೇ ಓದಿ. ಅಲ್ಲಿ ಬರೆದ ಗಡುವಿಗೆ ಮುಂಚೆಯೇ ಕ್ಲಬ್ ಉತ್ತರಕ್ಕೆ ಒತ್ತಾಯಿಸಿದರೆ ನೀವು ಆ ನಿಯಮವನ್ನು ತೋರಿಸಿ ಸಮಯ ಕೇಳಬಹುದು, ರೀಜನ್ ಕಚೇರಿಗೂ ತಿಳಿಸಬಹುದು. ಎಎಯು (ಅಮೆಚೂರ್ ಅಥ್ಲೆಟಿಕ್ ಯೂನಿಯನ್) ಎಂಬ ಬೇರೆ ಸಂಸ್ಥೆಯ ಅಡಿಯಲ್ಲಷ್ಟೇ ಆಡುವ ಕ್ಲಬ್ ಆದರೆ ಈ ನಿಯಮಗಳು ಅದನ್ನು ಕಟ್ಟಿಹಾಕುವುದಿಲ್ಲ, ಆದ್ದರಿಂದ ಕ್ಲಬ್ ಯಾವುದರ ಅಡಿಯಲ್ಲಿ ನೋಂದಾಯಿಸಿದೆ ಎಂದು ಮೊದಲೇ ಕೇಳಿಕೊಳ್ಳಿ.

ಯುಎಸ್‌ಎ ವಾಲಿಬಾಲ್‌ನಲ್ಲಿ ವಯಸ್ಸಿನ ಗುಂಪನ್ನು ಸಾಮಾನ್ಯವಾಗಿ ತರಗತಿ ನೋಡಿ ನಿರ್ಧರಿಸುವುದಿಲ್ಲ, ಹುಟ್ಟಿದ ದಿನ ನೋಡಿ ನಿರ್ಧರಿಸುತ್ತಾರೆ. 2024-25ರ ಸೀಸನ್ನಿಗೆ 14ರ ಗುಂಪು ಎಂದರೆ 2010ರ ಜುಲೈ 1 ಅಥವಾ ಆಮೇಲೆ ಹುಟ್ಟಿದವರು. ಅದೇ ವರ್ಷದ ಜೂನ್ 28ಕ್ಕೆ ಹುಟ್ಟಿದ ಹುಡುಗಿ ತನ್ನದೇ ತರಗತಿಯ ಗೆಳತಿಯರನ್ನು ಬಿಟ್ಟು 15ರ ಟ್ರೈಔಟ್‌ಗೆ ಹೋಗಬೇಕಾಗುತ್ತದೆ. ಮೇಲಿನ ಗುಂಪಿನಲ್ಲಿ ಆಡಬಹುದು, ಕೆಳಗಿನದರಲ್ಲಿ ಆಡುವಂತಿಲ್ಲ. ಪ್ರತಿ ವರ್ಷದ ವಯಸ್ಸಿನ ಪಟ್ಟಿ ಬೇರೆಯಾಗಿ ಬರುತ್ತದೆ, ಅದನ್ನೇ ನೋಡಿ.

12ರಿಂದ 13ಕ್ಕೆ ಏರುವ ಹುಡುಗಿಯರ ವಿಷಯದಲ್ಲಿ ಒಂದು ಎಚ್ಚರಿಕೆ. 12ರ ಗುಂಪಿನ ನೆಟ್ 7 ಅಡಿ, ಹೆಚ್ಚಿನ ಕಡೆ ಹಗುರ ಚೆಂಡು. 13ಕ್ಕೆ ನೆಟ್ 7 ಅಡಿ 4⅛ ಇಂಚು ಆಗುತ್ತದೆ, ಚೆಂಡು 260ರಿಂದ 280 ಗ್ರಾಂ ತೂಕದ ಪೂರ್ಣ ಚೆಂಡು. ನೆಟ್, ಚೆಂಡು ಎರಡೂ ಒಟ್ಟಿಗೆ ಬದಲಾಗುವುದರಿಂದ ಕಳೆದ ವರ್ಷ ಚೆನ್ನಾಗಿ ಹೋಗುತ್ತಿದ್ದ ಓವರ್‌ಹ್ಯಾಂಡ್ (ತಲೆಯ ಮೇಲಿಂದ ಹೊಡೆಯುವ) ಸರ್ವ್ ಟ್ರೈಔಟ್ ದಿನ ನೆಟ್‌ಗೆ ಬಡಿಯುತ್ತದೆ. ಮಗು ಗಾಬರಿಯಾಗಿ ಭುಜದಿಂದ ಜಗ್ಗಲು ಶುರುಮಾಡುತ್ತಾಳೆ, ಸರ್ವ್‌ಗೆ ಚೆಂಡು ಮೇಲೆಸೆಯುವ ಟಾಸ್ ಹಿಂದಕ್ಕೆ ಹೋಗುತ್ತದೆ, ಸರ್ವ್ ಇನ್ನಷ್ಟು ಕೆಡುತ್ತದೆ. ಕನಿಷ್ಠ ಎರಡು ತಿಂಗಳು ಮೊದಲೇ ಪೂರ್ಣ ಚೆಂಡಿನಲ್ಲಿ, ಎತ್ತರದ ನೆಟ್‌ನಲ್ಲಿ ಅಭ್ಯಾಸ ಬೇಕು. ಗೆರೆಯಿಂದ ಆಗದಿದ್ದರೆ ಮೊದಲು ಎರಡು ಮೂರು ಹೆಜ್ಜೆ ಒಳಗಿಂದ ಹೊಡೆದು, ವಾರವಾರ ಹಿಂದೆ ಸರಿಯುತ್ತ ಹೋಗಲಿ.

ಟ್ರೈಔಟ್‌ಗೆ ಮುಂಚಿನ ತಿಂಗಳುಗಳಲ್ಲಿ ಕ್ಲಬ್‌ಗಳು ಓಪನ್ ಜಿಮ್ (ಯಾರು ಬೇಕಾದರೂ ಬಂದು ಆಡುವ ಅವಧಿ), ಕ್ಲಿನಿಕ್ (ಕಿರು ತರಬೇತಿ ಶಿಬಿರ) ನಡೆಸುತ್ತವೆ. ಮಗಳನ್ನು ಅಲ್ಲಿಗೆ ಕರೆದೊಯ್ಯುವುದು ಕೋಚ್ ಅವಳನ್ನು ನೋಡಲಿ ಎಂದಷ್ಟೇ ಆಗಬಾರದು, ಕೋಚ್ ಹೇಗೆ ಮಾತಾಡುತ್ತಾರೆ, ತಪ್ಪು ಮಾಡಿದ ಮಗುವಿಗೆ ಏನು ಹೇಳಿಕೊಡುತ್ತಾರೆ ಎಂದು ನೀವೂ ನೋಡಬೇಕು. ಅಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಈ ತಂಡದಲ್ಲಿ ಹಳಬರು ಎಷ್ಟು ಮಂದಿ ಉಳಿಯುತ್ತಾರೆ, ಯಾವ ಸ್ಥಾನ ಖಾಲಿ ಇದೆ? ಒಂದು ತಂಡಕ್ಕೆ ಸಾಮಾನ್ಯವಾಗಿ 10ರಿಂದ 12 ಮಂದಿ. ಇಬ್ಬರು ಸೆಟ್ಟರ್ (ಹೊಡೆಯುವವರಿಗೆ ಚೆಂಡು ಎತ್ತಿಕೊಡುವವರು), ಮೂವರು ಔಟ್‌ಸೈಡ್ (ಎಡಬದಿಯಿಂದ ಹೊಡೆಯುವವರು), ಎರಡು ಮೂರು ಮಿಡಲ್ (ನೆಟ್‌ನ ನಡುವೆ ಹೊಡೆದು ಬ್ಲಾಕ್ ಮಾಡುವವರು), ಒಂದಿಬ್ಬರು ರೈಟ್‌ಸೈಡ್ (ಬಲಬದಿಯಿಂದ ಹೊಡೆಯುವವರು), ಲಿಬರೊ (ಹಿಂದಿನ ಸಾಲಿನಲ್ಲಷ್ಟೇ ಆಡುವವಳು) ಮತ್ತು ಡಿಫೆನ್ಸ್‌ಗೆ ಇಬ್ಬರು. ಹಳೆಯ ಇಬ್ಬರು ಸೆಟ್ಟರ್‌ಗಳೂ ಉಳಿಯುತ್ತಾರೆಂದರೆ ನಿಮ್ಮ ಮಗಳು ಸೆಟ್ಟರ್ ಆಗಿ ಎಷ್ಟು ಚೆನ್ನಾಗಿ ಆಡಿದರೂ ಅಲ್ಲಿ ಜಾಗವಿಲ್ಲ. ಒಳ್ಳೆಯ ಕ್ಲಬ್ ಡೈರೆಕ್ಟರ್‌ಗಳು ಈ ಪ್ರಶ್ನೆಗೆ ನೇರ ಉತ್ತರ ಕೊಡುತ್ತಾರೆ. ಮಾತು ತೇಲಿಸಿದರೆ ಅದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ.

ಕಾಗದಪತ್ರದಲ್ಲಿ ಎಡವಟ್ಟಾಗುವುದು ಹೆಚ್ಚು. ಕೋರ್ಟಿಗೆ ಇಳಿಯುವ ಮೊದಲು ಯುಎಸ್‌ಎ ವಾಲಿಬಾಲ್‌ನ ಆ ಸೀಸನ್ನಿನ ಸದಸ್ಯತ್ವ ಇರಲೇಬೇಕು, ಏಕೆಂದರೆ ವಿಮೆ ಅದಕ್ಕೆ ಅಂಟಿಕೊಂಡಿದೆ. ಕಳೆದ ವರ್ಷದ್ದು ನಡೆಯುವುದಿಲ್ಲ. ಕೆಲವು ರೀಜನ್‌ಗಳಲ್ಲಿ ಟ್ರೈಔಟ್‌ಗೆಂದೇ ಕಡಿಮೆ ಬೆಲೆಯ ಸದಸ್ಯತ್ವ ಇರುತ್ತದೆ, ಆಯ್ಕೆಯಾದ ಮೇಲೆ ಅದನ್ನು ಪೂರ್ಣ ಸದಸ್ಯತ್ವಕ್ಕೆ ಏರಿಸಬೇಕು. ವೈದ್ಯಕೀಯ ಒಪ್ಪಿಗೆ ಪತ್ರ, ಜನನ ಪ್ರಮಾಣಪತ್ರದ ಪ್ರತಿ, ಕ್ಲಬ್‌ನ ಟ್ರೈಔಟ್ ಶುಲ್ಕ ಕಟ್ಟಿದ ರಸೀದಿ ಇವನ್ನೆಲ್ಲ ಹಿಂದಿನ ವಾರವೇ ಜೋಡಿಸಿಡಿ. ಚೆಕ್‌ಇನ್ ಸಾಲಿನಲ್ಲಿ ಫೋನ್ ಹಿಡಿದು ಫಾರಂ ತುಂಬುತ್ತ ನಿಂತರೆ ವಾರ್ಮ್‌ಅಪ್ ತಪ್ಪುತ್ತದೆ. ಹಲವು ಕ್ಲಬ್‌ಗಳು ಎತ್ತರ, ನಿಂತಲ್ಲಿ ಕೈ ಎಟುಕುವ ಅಳತೆ, ಓಡಿಬಂದು ಜಿಗಿದಾಗ ಎಟುಕುವ ಅಳತೆ ಇವನ್ನು ಚೆಕ್‌ಇನ್ ಆದ ತಕ್ಷಣವೇ ತೆಗೆಯುತ್ತವೆ. ಮೈ ಬಿಸಿಯಾಗದೆ ಜಿಗಿದರೆ ಒಂದೆರಡು ಇಂಚು ಸುಮ್ಮನೆ ಕಳೆದುಹೋಗುತ್ತದೆ, ಆ ಸಂಖ್ಯೆಯೇ ದಿನವಿಡೀ ಹೆಸರಿನ ಮುಂದೆ ಉಳಿಯುತ್ತದೆ. 40 ನಿಮಿಷ ಮೊದಲು ತಲುಪಿ, ಸಾಲಿಗೆ ನಿಲ್ಲುವ ಮೊದಲೇ ಹಗ್ಗದಾಟ, ಭುಜ ತಿರುಗಿಸುವುದು, ನಾಲ್ಕೈದು ಅಪ್ರೋಚ್ (ಓಡಿಬಂದು ಜಿಗಿಯುವ) ಜಿಗಿತ ಮುಗಿಸಲಿ. ಬಟ್ಟೆ ಸಾದಾ ಟೀಶರ್ಟ್. ಬೇರೆ ಕ್ಲಬ್‌ನ ಹೆಸರಿರುವುದು ಬೇಡ.

ಫಾರಂನಲ್ಲಿ ಸ್ಥಾನ ಕೇಳುತ್ತಾರೆ. "ಯಾವುದಾದರೂ ಸರಿ" ಎಂದು ಬರೆಯಬೇಡಿ. ಕೋಚ್ ಹುಡುಕುತ್ತಿರುವುದು ಮಿಡಲ್ ಅಥವಾ ಲಿಬರೊ ಹೀಗೆ ನಿರ್ದಿಷ್ಟ ಜಾಗಕ್ಕೆ. ಎಲ್ಲಿಗಾದರೂ ಸರಿ ಎಂದವಳನ್ನು ಯಾವ ಸಾಲಿನಲ್ಲೂ ನಿಲ್ಲಿಸಿ ನೋಡಿರುವುದಿಲ್ಲ. ಮೊದಲ ಆಯ್ಕೆ ಒಂದು, ಎರಡನೆಯದು ಒಂದು ಬರೆಯಿರಿ. ಎಡಗೈಯಲ್ಲಿ ಹೊಡೆಯುವವಳಾದರೆ ರೈಟ್‌ಸೈಡ್ ಎರಡರಲ್ಲಿ ಒಂದಾಗಿರಲಿ.

ಅಂಕ ಕೊಡುವವರು ಏನು ನೋಡುತ್ತಾರೆ? ಪಾಸ್‌ಗೆ, ಅಂದರೆ ಎದುರಾಳಿಯ ಸರ್ವ್ ಹಿಡಿದು ಸೆಟ್ಟರ್‌ಗೆ ಕಳಿಸುವುದಕ್ಕೆ, ಬಹುಮಟ್ಟಿಗೆ 0ಯಿಂದ 3ರ ಅಳತೆ ಬಳಸುತ್ತಾರೆ. ಸೆಟ್ಟರ್ ಯಾರಿಗೆ ಬೇಕಾದರೂ ಚೆಂಡು ಎತ್ತಿಕೊಡಬಹುದಾದ ಪಾಸ್ 3. ಒಂದೆರಡು ಹೆಜ್ಜೆ ಸರಿದು ಎತ್ತಬೇಕಾಗಿ ಮಿಡಲ್‌ಗೆ ಕೊಡಲಾಗದಿದ್ದರೆ 2. ಹೇಗೋ ಎತ್ತಿ ದಾಟಿಸುವ ಸ್ಥಿತಿಯಾದರೆ 1, ನೆಲಕ್ಕೆ ಬಿದ್ದರೆ 0. ಸರಾಸರಿ 2ಕ್ಕಿಂತ ಮೇಲೆ ಪಾಸ್ ಮಾಡುವ ಹುಡುಗಿಯನ್ನು ಯಾವ ಕ್ಲಬ್ಬೂ ಸುಲಭಕ್ಕೆ ಬಿಡುವುದಿಲ್ಲ, ಎತ್ತರ ಕಡಿಮೆಯಿದ್ದರೂ ಸರಿ. ಇಬ್ಬರ ನಡುವೆ ಬೀಳುವ ಚೆಂಡು ಇಬ್ಬರಿಗೂ ಕೆಟ್ಟ ಗುರುತು ತರುತ್ತದೆ, ಆದ್ದರಿಂದ ಚೆಂಡು ನೆಟ್ ದಾಟುವ ಮೊದಲೇ ಜೋರಾಗಿ "ಮೈನ್" ಎನ್ನುವುದು ರೂಢಿಯಾಗಿರಬೇಕು. ಸರ್ವ್‌ನಲ್ಲಿ ಹತ್ತಕ್ಕೆ ಎಂಟು ಒಳಗೆ ಬೀಳುವ ಸಾದಾ ಫ್ಲೋಟ್ (ಚೆಂಡು ತಿರುಗದಂತೆ ಹೊಡೆಯುವ ಸರ್ವ್), ಹತ್ತಕ್ಕೆ ನಾಲ್ಕು ಬೀಳುವ ಜಂಪ್ ಸರ್ವ್‌ಗಿಂತ ಬೆಲೆಯುಳ್ಳದ್ದು. ಮಿಡಲ್ ಆದವಳು ಬ್ಲಾಕ್ ಮಾಡಿ ಇಳಿದ ಮೇಲೆ ನೆಟ್‌ನಿಂದ ಹಿಂದೆ ಸರಿದು ಮತ್ತೆ ಹೊಡೆಯಲು ಎಷ್ಟು ಬೇಗ ಸಿದ್ಧಳಾಗುತ್ತಾಳೆ ಎಂದು ನೋಡುತ್ತಾರೆ; ಸೆಟ್ಟರ್ ಆದವಳು ಕೆಟ್ಟ ಪಾಸ್‌ನ ಕೆಳಗೆ ಓಡಿಹೋಗಿ ನಿಲ್ಲುತ್ತಾಳೋ, ಕೈ ಚಾಚಿ ಹಿಡಿಯಲು ನೋಡುತ್ತಾಳೋ ಎಂದು. ಎರಡೂ ಕಡೆ ಅಳೆಯುತ್ತಿರುವುದು ಕಾಲನ್ನೇ. ಡ್ರಿಲ್‌ಗಳ ನಡುವೆ ಚೆಂಡು ಹೆಕ್ಕುವಾಗ ನಡೆಯುವವಳು, ಓಡುವವಳು ಯಾರೆಂದೂ ಅವರ ಕಣ್ಣಿಗೆ ಬೀಳುತ್ತದೆ.

ಈಗ ಆಫರ್. 14-1, 14-2 ಅಥವಾ ನ್ಯಾಷನಲ್, ರೀಜನಲ್ ಎಂಬ ಹೆಸರುಗಳು ಒಂದು ಕ್ಲಬ್‌ನ ಒಳಗಷ್ಟೇ ಅರ್ಥ ಕೊಡುತ್ತವೆ. ದೊಡ್ಡ ಕ್ಲಬ್‌ನ 14-3, ಸಣ್ಣ ಕ್ಲಬ್‌ನ 14-1ಕ್ಕಿಂತ ಬಲವಾಗಿರಬಹುದು. ಹೆಸರಿನ ಹಿಂದೆ ಬೀಳದೆ ಸ್ಥಾನದ ಲೆಕ್ಕ ಹಾಕಿ. ಅವಳ ಸ್ಥಾನದಲ್ಲಿ ಇನ್ನೆಷ್ಟು ಮಂದಿ ಇದ್ದಾರೆ? ತಂಡ 5-1 ಆಡುತ್ತದೋ 6-2 ಆಡುತ್ತದೋ (ಒಬ್ಬ ಸೆಟ್ಟರ್ ಇಡುವ, ಇಬ್ಬರನ್ನು ಇಡುವ ಎರಡು ವ್ಯವಸ್ಥೆಗಳು)? 5-1ರಲ್ಲಿ ಒಬ್ಬಳೇ ಸೆಟ್ಟರ್ ಆರೂ ರೊಟೇಷನ್‌ಗಳಲ್ಲಿ (ಆಟಗಾರರು ಒಂದೊಂದು ಜಾಗ ಸರಿದು ನಿಲ್ಲುವ ಆರು ಸುತ್ತುಗಳಲ್ಲಿ) ಎತ್ತುತ್ತಾಳೆ, ಎರಡನೆಯವಳು ಬೆಂಚಿನಲ್ಲಿ. 6-2ರಲ್ಲಿ ಇಬ್ಬರೂ ಹಿಂದಿನ ಸಾಲಿನ ಮೂರು ಮೂರು ರೊಟೇಷನ್ ಹಂಚಿಕೊಳ್ಳುತ್ತಾರೆ. ಅದೇ ಆಫರ್, ಅದೇ ಫೀಸು, ಆದರೆ ಒಬ್ಬ ಸೆಟ್ಟರ್ ಮಗುವಿಗೆ ಇವೆರಡರ ನಡುವೆ ಇಡೀ ಸೀಸನ್ನಿನ ವ್ಯತ್ಯಾಸ. ಮಿಡಲ್‌ಗಳಿಗೆ ಕೋರ್ಟಿನಲ್ಲಿ ಎರಡು ಜಾಗ, ಹಿಂದಿನ ಸಾಲಿಗೆ ಹೋದಾಗ ಹೆಚ್ಚಾಗಿ ಲಿಬರೊ ಬರುತ್ತಾಳೆ; ತಂಡದಲ್ಲಿ ನಾಲ್ವರು ಮಿಡಲ್ ಇದ್ದರೆ ಒಬ್ಬೊಬ್ಬಳ ಪಾಲಿಗೆ ಬರುವುದು ತೀರಾ ಕಡಿಮೆ. ಔಟ್‌ಸೈಡ್ ಆದವಳಿಗೆ ಪಾಸ್ ಬಾರದಿದ್ದರೆ ಹಿಂದಿನ ಸಾಲಿನಲ್ಲಿ ಅವಳನ್ನು ಹೊರಗೆ ಕರೆಯುತ್ತಾರೆ, ಆಗ ಅರ್ಧ ಆಟವೇ ಸಿಗುವುದು. ಬೆಳೆಯುವ ವಯಸ್ಸಿನಲ್ಲಿ, ಅದರಲ್ಲೂ 14ರವರೆಗೆ, ಮೊದಲ ತಂಡದ ಹನ್ನೊಂದನೆಯವಳಾಗುವುದಕ್ಕಿಂತ ಎರಡನೆಯ ತಂಡದಲ್ಲಿ ಆರಂಭದಿಂದಲೇ ಆಡುವುದು ಒಳ್ಳೆಯದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅಭ್ಯಾಸದಲ್ಲಿ ಕಲಿಯದ ಎಷ್ಟೋ ವಿಷಯ ಅಂಕ 23-23 ಆದಾಗ ಬರುವ ಸರ್ವ್ ಎದುರಿಸಿದರೆ ಮಾತ್ರ ಬರುತ್ತದೆ.

ಆಟದ ಸಮಯಕ್ಕೆ ಖಾತರಿ ಕೊಡುವ ಕ್ಲಬ್ ಅಪರೂಪ. ನೀವು ಕಟ್ಟುವ ದುಡ್ಡು ಅಭ್ಯಾಸಕ್ಕೆ, ತಂಡದಲ್ಲಿನ ಜಾಗಕ್ಕೆ. ಕರಾರಿನಲ್ಲಿ "ಪ್ರಾಕ್ಟೀಸ್ ಪ್ಲೇಯರ್" ಎಂದಿದ್ದರೆ ಪಂದ್ಯಕ್ಕೆ ಕರೆಯದೇ ಇರಬಹುದು ಎಂದೇ ಅರ್ಥ. ಕೋಚ್ ಯಾರೆಂದು ಹೆಸರಿಸಿದ್ದಾರೋ, "ನಂತರ ತಿಳಿಸಲಾಗುವುದು" ಎಂದಿದೆಯೋ ನೋಡಿ.

ದುಡ್ಡಿನ ವಿಷಯದಲ್ಲಿ ಫೀಸಿನ ಮೊತ್ತಕ್ಕಿಂತ ಅದರಲ್ಲಿ ಸೇರದೇ ಇರುವುದರ ಪಟ್ಟಿ ಮುಖ್ಯ. ಸಮವಸ್ತ್ರದ ಪ್ಯಾಕೇಜ್, ಕೋಚ್‌ಗಳ ಪ್ರಯಾಣ, ನಿಮ್ಮ ವಿಮಾನ, ಹೋಟೆಲು, ಊಟ, ದೊಡ್ಡ ಟೂರ್ನಿಗಳಲ್ಲಿ ಪ್ರೇಕ್ಷಕರ ಟಿಕೆಟು, ಪಾರ್ಕಿಂಗ್ ಪ್ರತ್ಯೇಕವಾಗಿರುವುದು ಸಾಮಾನ್ಯ. ಎಷ್ಟೋ ಟೂರ್ನಿಗಳಲ್ಲಿ "ಸ್ಟೇ ಟು ಪ್ಲೇ" ನಿಯಮ ಇರುತ್ತದೆ: ಅವರು ಗೊತ್ತುಮಾಡಿದ ಹೋಟೆಲಿನಲ್ಲೇ ಕೋಣೆ ಹಿಡಿಯಬೇಕು, ಅಗ್ಗದ್ದನ್ನು ನೀವೇ ಹುಡುಕಿಕೊಳ್ಳುವಂತಿಲ್ಲ. ದೇಶಾದ್ಯಂತ ಓಡಾಡುವ ತಂಡದಲ್ಲಿ ಪ್ರಯಾಣದ ಖರ್ಚು ಫೀಸನ್ನೂ ಮೀರಬಹುದು. ಆದ್ದರಿಂದ ಟೂರ್ನಿಗಳ ಪಟ್ಟಿ ಕೇಳಿ, ವಿಮಾನದಲ್ಲಿ ಹೋಗಬೇಕಾದವನ್ನು ಎಣಿಸಿ, ಒಂದಕ್ಕೆ ಇಬ್ಬರ ಖರ್ಚು ಹಾಕಿ ಗುಣಿಸಿ.

ಸಹಿ ಹಾಕಿದ ಮೇಲೆ ಏನಾಗುತ್ತದೆ ಎಂಬುದನ್ನು ಬಹಳ ಜನ ಓದುವುದಿಲ್ಲ. ಮುಂಗಡ ಸಾಮಾನ್ಯವಾಗಿ ವಾಪಸು ಬರುವುದಿಲ್ಲ. ಅನೇಕ ಕರಾರುಗಳಲ್ಲಿ ಮಧ್ಯದಲ್ಲಿ ಬಿಟ್ಟರೂ ವರ್ಷದ ಪೂರ್ತಿ ಫೀಸು ಕೊಡಬೇಕು ಎಂದಿರುತ್ತದೆ. ಗಾಯವಾದರೆ, ಊರು ಬಿಡಬೇಕಾದರೆ ಏನು ಎಂಬ ಸಾಲು ಇದೆಯೇ ಹುಡುಕಿ; ಇಲ್ಲದಿದ್ದರೆ ಸಹಿಗೆ ಮುಂಚೆ ಈಮೇಲ್‌ನಲ್ಲಿ ಕೇಳಿ ಉತ್ತರ ತರಿಸಿಕೊಳ್ಳಿ. ಫೀಸಿನಲ್ಲಿ ನೆರವು ಬೇಕಿದ್ದರೂ ಕೇಳುವ ಹೊತ್ತು ಅದೇ. ಸಹಿಯಾದ ಮೇಲೆ ಅದೇ ಸೀಸನ್ನಿನಲ್ಲಿ ಬೇರೆ ಕ್ಲಬ್‌ಗೆ ಹೋಗಲು ಹಳೆಯ ಕ್ಲಬ್ ಬಿಟ್ಟುಕೊಡಬೇಕು, ರೀಜನ್ ಒಪ್ಪಬೇಕು. ಎರಡು ಕಡೆ ಒಪ್ಪಿಕೊಂಡು ಆಮೇಲೆ ನೋಡೋಣ ಎನ್ನುವುದು ನಡೆಯದ ಮಾತು.

ಮೆಚ್ಚಿದ ಕ್ಲಬ್‌ನ ಟ್ರೈಔಟ್ ಎರಡು ದಿನ ತಡವಾಗಿದ್ದು, ಮೊದಲ ಕ್ಲಬ್ ಇಂದೇ ಉತ್ತರ ಕೇಳಿದರೆ ಕಷ್ಟ ಬರುತ್ತದೆ. ಕೋಚ್‌ಗೆ ಮರ್ಯಾದೆಯಿಂದ ಬರೆದು ಇಂಥ ದಿನದ ಇಂಥ ಗಂಟೆಯವರೆಗೆ ಸಮಯ ಕೇಳಬಹುದು. ಕೆಲವರು ಕೊಡುತ್ತಾರೆ, ಬಹಳ ಜನ ಕೊಡುವುದಿಲ್ಲ. ಆ ಎರಡನೆಯ ಉತ್ತರಕ್ಕೆ ನಿಮ್ಮ ಹಾಳೆಯಲ್ಲಿ ಮೊದಲೇ ತೀರ್ಮಾನ ಬರೆದಿರಬೇಕು.

ಕಾಲೇಜು ಸ್ಕಾಲರ್‌ಶಿಪ್ ಎಂಬ ಮಾತು 12ರ ಟ್ರೈಔಟ್‌ನಲ್ಲೂ ಕೇಳಿಬರುತ್ತದೆ. ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಡಿವಿಷನ್ 1, ಅಂದರೆ ಅದರ ಮೇಲ್ಮಟ್ಟದ, ಕೋಚ್‌ಗಳು ಹುಡುಗಿಯರೊಂದಿಗೆ ನೇರವಾಗಿ ಮಾತಾಡಲು ಆರಂಭಿಸುವುದು 10ನೇ ತರಗತಿ ಮುಗಿದ ಮೇಲಿನ ಜೂನ್ 15ರಿಂದ. ಅದಕ್ಕೂ ನಾಲ್ಕು ವರ್ಷ ಮೊದಲು ಆ ಕಾರಣಕ್ಕೆ ದುಬಾರಿ ತಂಡ ಹಿಡಿಯುವ ಅಗತ್ಯವಿಲ್ಲ.

ಕೋಚ್‌ಗಳು ಸೇಫ್‌ಸ್ಪೋರ್ಟ್ ತರಬೇತಿ (ಕ್ರೀಡೆಯಲ್ಲಿ ಮಕ್ಕಳನ್ನು ದೌರ್ಜನ್ಯದಿಂದ ಕಾಪಾಡುವ ಬಗ್ಗೆ), ಹಿನ್ನೆಲೆ ತಪಾಸಣೆ ಮುಗಿಸಿರಬೇಕು. ಮಗುವಿಗೆ ಕಳಿಸುವ ಸಂದೇಶದಲ್ಲಿ ನಿಮ್ಮನ್ನೂ ಸೇರಿಸಬೇಕು. ಟ್ರೈಔಟ್ ದಿನವೇ ಕೋಚ್ ಮಗುವಿನ ನಂಬರ್ ಪಡೆದು ಒಂಟಿಯಾಗಿ ಮೆಸೇಜ್ ಮಾಡಲು ಶುರುಮಾಡಿದರೆ ಆ ಕ್ಲಬ್ ಬೇಡ, ತಂಡ ಎಷ್ಟೇ ಚೆನ್ನಾಗಿರಲಿ.

ಆಫರ್ ಬಾರದೇ ಹೋದರೆ ಎಲ್ಲ ಮುಗಿಯಿತೆಂದಲ್ಲ. ಎರಡು ಮೂರು ಆಫರ್ ಬಂದ ಹುಡುಗಿಯರು ಒಂದನ್ನು ಇಟ್ಟುಕೊಂಡು ಉಳಿದವನ್ನು ಬಿಡುತ್ತಾರೆ, ಮುಂದಿನ ಎರಡು ಮೂರು ದಿನಗಳಲ್ಲಿ ಜಾಗಗಳು ತೆರೆಯುತ್ತವೆ. ಕ್ಲಬ್‌ಗಳು ಆಗ ಹಿಂದೆ ತಿರುಗಿ ಕರೆಯುವುದು ಹೆಸರು ನೆನಪಿರುವವರನ್ನು. ಬೆಳಿಗ್ಗೆಯೇ ಡೈರೆಕ್ಟರ್‌ಗೆ ನಾಲ್ಕು ಸಾಲು ಬರೆಯಿರಿ: ಮಗಳ ಹೆಸರು, ಟ್ರೈಔಟ್ ನಂಬರ್, ಆಡಿದ ಎರಡು ಸ್ಥಾನಗಳು, ಎರಡನೆಯ ಅಥವಾ ಮೂರನೆಯ ತಂಡವಾದರೂ ಬರುತ್ತೇವೆ ಎಂಬ ಮಾತು, ಫೋನ್ ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬುದು. ಯಾಕೆ ತೆಗೆದುಕೊಳ್ಳಲಿಲ್ಲ ಎಂಬ ಪ್ರಶ್ನೆ ಅದರಲ್ಲಿ ಬೇಡ; ಯಾವ ಎರಡು ಕೌಶಲ ಸುಧಾರಿಸಬೇಕು ಎಂದು ಕೇಳುವ ಇನ್ನೊಂದು ಈಮೇಲ್ ಅನ್ನು, ತಂಡಗಳೆಲ್ಲ ಭರ್ತಿಯಾದ ಮೇಲೆ, ಮಗಳೇ ನಿಮ್ಮನ್ನೂ ಸೇರಿಸಿಕೊಂಡು ಬರೆಯಲಿ.