ಕೊನೆಯ ಪುಟದ ಆ ಸಾಲು

ಇವತ್ತು ನಮ್ಮ ಸಂಶೋಧನಾ ಪೇಪರ್ ಕಳಿಸುವ ಮುಂಚೆ, ಯಾರಿಂದ ದುಡ್ಡು ಬರುತ್ತದೆ ಅಂತ ಹೇಳುವ ಕೊನೆಯ ಸಾಲು ಬರೆಯುವಾಗ ವಿದ್ಯಾರ್ಥಿನಿ ಕೇಳಿದಳು, "ಮೇಡಂ, ನೀವು ಆ ಕಂಪನಿಗೆ ಸಲಹೆಗಾರರಲ್ವಾ, ಅದನ್ನೂ ಹಾಕಬೇಕಾ?"

ಹಾಕಲೇಬೇಕು ಅಂದೆ. ದುಡ್ಡು ಎಷ್ಟೇ ಕಮ್ಮಿ ಇರಲಿ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕಥೆ ನೆನಪಾಯಿತು. 1967ರಲ್ಲಿ ಅಲ್ಲಿನ ಸಂಶೋಧಕರು ಹೃದಯದ ಕಾಯಿಲೆ ಬಗ್ಗೆ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದರು. ತಪ್ಪೆಲ್ಲ ಕೊಬ್ಬಿನ ಮೇಲೆ ಬಿತ್ತು, ಸಕ್ಕರೆ ಪಾರಾಯಿತು. ಸಕ್ಕರೆ ಉದ್ಯಮದವರು ಅದಕ್ಕೆ 6,500 ಡಾಲರ್ ಕೊಟ್ಟಿದ್ದರು. ಲೇಖನದಲ್ಲಿ ಆ ಮಾತೇ ಇಲ್ಲ. ಹೇಳಲೇಬೇಕೆಂಬ ನಿಯಮವೂ ಆಗ ಇರಲಿಲ್ಲ. ಆ ಜರ್ನಲ್ ಅಂಥ ನಿಯಮ ತಂದದ್ದು 1984ರಲ್ಲಿ. ಹಳೆಯ ಪತ್ರಗಳು ಸಿಕ್ಕಿ ವಿಷಯ ಹೊರಬಿದ್ದದ್ದು 2016ರಲ್ಲಿ.

ದುಡ್ಡು ತಗೊಂಡವರೆಲ್ಲ ಸುಳ್ಳು ಬರೆಯುತ್ತಾರೆ ಅಂತಲ್ಲ. ಆದರೆ ಗೊತ್ತಿದ್ದರೆ ಓದಿದ ಡಾಕ್ಟರು ಇನ್ನೊಂದು ಸಲ ಯೋಚಿಸುತ್ತಿದ್ದರು, ಅಲ್ವಾ? ಆ ಅವಕಾಶವನ್ನೇ ಅವರಿಗೆ ಕೊಡಲಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.