ಚಟ್ನಿಪುಡಿ ಯಾರದ್ದು?

22 ಫೆಬ್ರವರಿ 2024, ಗುರುವಾರ
ಬಾಥೆಲ್, ವಾಷಿಂಗ್ಟನ್ ರಾಜ್ಯ, ಅಮೆರಿಕ. ರಾತ್ರಿ

ಮಾಣಿ, ನನ್ನ ಮಗ, ಬೆಳಿಗ್ಗೆ ಬ್ಯಾಂಡಿನ ಜೊತೆ ಟೂರಿಗೆ ಹೊರಟ. ವ್ಯಾನಿನ ಹಿಂಬಾಗಿಲು ಎರಡು ಸಲ ಬಡಿದರೂ ಕೂರಲಿಲ್ಲ. ಮೂರನೇ ಸಲ ಡ್ರಮ್ಸ್ ಹುಡುಗಿ ಸೊಂಟ ಕೊಟ್ಟು ಒತ್ತಿದಳು, ಕೂತಿತು. ಇವತ್ತು ಪೋರ್ಟ್‌ಲ್ಯಾಂಡ್, ನಾಳೆ ಯೂಜೀನ್, ನಾಡಿದ್ದು ಸಿಸ್ಕಿಯೂ ಘಟ್ಟ ಹತ್ತಿ ಇಳಿದರೆ ಕ್ಯಾಲಿಫೋರ್ನಿಯಾ. ಐ-5 ಹೆದ್ದಾರಿಯಲ್ಲಿ ಅದಕ್ಕಿಂತ ಎತ್ತರದ ಜಾಗ ಇನ್ನೊಂದಿಲ್ಲ, 4,310 ಅಡಿ. ಫೆಬ್ರವರಿಯ ಹಿಮ. ಟಯರಿಗೆ ಕಟ್ಟುವ ಚೈನ್ ಇಟ್ಟುಕೊಂಡಿದ್ದೀಯಾ ಅಂತ ಇವರು ಮೂರು ಸಲ ಕೇಳಿದರು. ಮೂರು ಸಲವೂ ಇದೆ ಅಂದ. ನಾನು ಏನೂ ಕೇಳಲಿಲ್ಲ. ಎರಡು ಬಾಟಲಿ ಚಟ್ನಿಪುಡಿ ಕೈಗೆ ಕೊಟ್ಟು ಒಳಗೆ ಬಂದೆ.

ಬರೆಯಬೇಕಾಗಿರುವುದು ನಿನ್ನೆ ರಾತ್ರಿಯದ್ದು.

ಊಟ ಆದ ಮೇಲೆ ಪುಡಿಯನ್ನು ಬಾಟಲಿಗೆ ತುಂಬಿಸುತ್ತಾ ಕೂತಿದ್ದೆ. ಮೇಜಿನ ಮೇಲೆ ಅವನದೊಂದು ಹಳೇ ಅಡುಗೆ ಪುಸ್ತಕ. ಪುಟಗಳ ಅಂಚು ಎಣ್ಣೆ ಕುಡಿದಿದೆ. ಕಾರಾ ಜುವಾರೋ ಎನ್ನುವವಳು 2007ರಲ್ಲಿ ಇಂಡೀ ರಾಕ್ ಬ್ಯಾಂಡಿನವರನ್ನು ಕೇಳಿ ಕೇಳಿ ಅವರವರ ಅಡುಗೆ ಬರೆಸಿ ಕೂಡಿಸಿದ್ದು. ಹೆಸರು ‘ಐ ಲೈಕ್ ಫುಡ್, ಫುಡ್ ಟೇಸ್ಟ್ಸ್ ಗುಡ್’. ಇಷ್ಟು ದಿನ ಅದು ಅವನ ಕೋಣೆಯಲ್ಲಿ ಬಿದ್ದಿದ್ದನ್ನು ನೋಡಿದ್ದೆ, ಕೈಗೆ ತಗೊಂಡದ್ದು ನಿನ್ನೆಯೇ.

ಮೊದಲು ಹುಡುಕಿದ್ದು ನಮ್ಮ ರಾಜ್ಯದವರನ್ನು. ಡೆತ್ ಕ್ಯಾಬ್ ಫಾರ್ ಕ್ಯೂಟಿ. ಇಲ್ಲಿಂದ ಉತ್ತರಕ್ಕಿರುವ ಬೆಲ್ಲಿಂಗ್‌ಹ್ಯಾಮ್‌ನಲ್ಲಿ 1997ರಲ್ಲಿ ಶುರುವಾದ ಬ್ಯಾಂಡು. ಮಾಣಿ ಹೈಸ್ಕೂಲಿನಲ್ಲಿದ್ದಾಗ ಗೋಡೆ ತುಂಬ ಅವರದೇ ಚಿತ್ರ. ಅವರು ಕೊಟ್ಟ ಅಡುಗೆ ಯಾವುದು ಗೊತ್ತಾ? ಎರಡು ಬ್ರೆಡ್ಡಿನ ನಡುವೆ ಪೀನಟ್ ಬಟರ್, ಮಾಂಸವಿಲ್ಲದ ಸಾಸೇಜು. ಇಷ್ಟೇನಾ ಅನ್ನಿಸಿತು. ಪುಟ ತಿರುಗಿಸದೆ ಸ್ವಲ್ಪ ಹೊತ್ತು ಹಾಗೇ ಕೂತೆ. ಪೀನಟ್ ಬಟರ್‌ಗೆ ಫ್ರಿಜ್ ಬೇಡ, ವ್ಯಾನಿನಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಯಾವ ಊರಿನ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ. ಮೂರು ಡಾಲರಿನಲ್ಲಿ ನಾಲ್ಕು ಹೊಟ್ಟೆ ತುಂಬುತ್ತದೆ. ಅದು ಅಡುಗೆಮನೆ ಇಲ್ಲದವರ ಅಡುಗೆ. ರಾತ್ರಿ ಹನ್ನೆರಡಕ್ಕೆ ಆಟ ಮುಗಿಸಿ, ಸಾಮಾನು ಹೊತ್ತು ವ್ಯಾನಿಗೆ ತುಂಬಿ, ಯಾರದೋ ಮನೆಯ ನೆಲದ ಮೇಲೆ ಮಲಗುವ ಹುಡುಗರು ತಿನ್ನುವಂಥದ್ದು. ಅದನ್ನು ನಾಚಿಕೆಯಿಲ್ಲದೆ ಪುಸ್ತಕಕ್ಕೆ ಕೊಟ್ಟಿದ್ದಾರಲ್ಲ, ಅದು ನನಗೆ ಬಹಳ ಹಿಡಿಸಿತು.

ಶುರುವಿನಲ್ಲಿ ಇವರಿಗೆಲ್ಲ ದೊಡ್ಡ ಕಂಪನಿಯ ಹಣ ಇರಲಿಲ್ಲ. ಇಂಡೀ ಅಂದರೆ ಮೂಲದಲ್ಲಿ ಅಷ್ಟೇ. ಸ್ನೇಹಿತರೇ ಕಟ್ಟಿಕೊಂಡ ಪುಟ್ಟ ಲೇಬಲ್ಲು, ಕಾಲೇಜು ರೇಡಿಯೋ, ಬಾಗಿಲ ಹತ್ತಿರ ಮೇಜು ಹಾಕಿ ಮಾರುವ ಟೀಶರ್ಟು. ವಾಷಿಂಗ್ಟನ್ ಡಿ.ಸಿ.ಯ ಫುಗಾಜಿ ಎನ್ನುವ ಬ್ಯಾಂಡು ಎಷ್ಟು ಹೆಸರು ಮಾಡಿದರೂ ಟಿಕೆಟ್ಟನ್ನು ಐದು ಡಾಲರಿನ ಆಸುಪಾಸಿನಲ್ಲೇ ಇಟ್ಟಿತ್ತಂತೆ. ಅದರ ಇಯಾನ್ ಮಕಾಯ್ ಕುಡಿಯುವವನಲ್ಲ, ಮಾಂಸ ಮುಟ್ಟುವವನಲ್ಲ. ಅವನನ್ನು ನೋಡಿ ಆ ಹಾದಿ ಹಿಡಿದ ಹುಡುಗರು ಈ ದೇಶದಲ್ಲಿ ಎಷ್ಟೋ ಇದ್ದಾರೆ. ಮಾಣಿ ಹದಿನೈದನೇ ವಯಸ್ಸಿನಲ್ಲಿ ಮೊಟ್ಟೆ ಕೂಡ ಬಿಟ್ಟಾಗ ನಮ್ಮ ಸಂಸ್ಕಾರ ಕೆಲಸ ಮಾಡಿತು ಅಂತ ನಾನು ಊರಿಗೆಲ್ಲ ಫೋನ್ ಮಾಡಿದ್ದೆ. ಅವನಿಗೆ ಕಲಿಸಿದ್ದು ಮಕಾಯ್ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ.

“ಅಮ್ಮ, ಇದರ ರೆಸಿಪಿ ಬೇಕು,” ಅಂದ. “ನಾವೂ ಒಂದು ಪುಸ್ತಕ ಮಾಡ್ತಾ ಇದ್ದೇವೆ. ಚಿಕ್ಕದು, ಝೀನ್. ನಾವು ಆರು ಬ್ಯಾಂಡಿನವರು ಸೇರಿ. ಝೆರಾಕ್ಸ್ ಹೊಡ್ಸಿ, ಮಡಚಿ, ಪಿನ್ ಹೊಡೆಯೋದು. ಟೀಶರ್ಟ್ ಪಕ್ಕ ಇಡ್ತೇವೆ, ಮೂರು ಡಾಲರ್.”

ಚಟ್ನಿಪುಡಿ ಯಾಕೆ ಅಂದರೆ, ಇವನು ಬ್ರೆಡ್ಡಿಗೆ ಪೀನಟ್ ಬಟರ್ ಬಳಿದು ಅದರ ಮೇಲೆ ನನ್ನ ಪುಡಿ ಉದುರಿಸಿಕೊಂಡು ತಿನ್ನುತ್ತಾನೆ. ಈಗ ವ್ಯಾನಿನಲ್ಲಿ ನಾಲ್ಕೂ ಜನಕ್ಕೆ ಅದೇ ಬೇಕು. ಹೋದ ಸಲ ಬಾಟಲಿ ಐದನೇ ದಿನಕ್ಕೇ ಖಾಲಿ.

ಬರ್ಕೋ ಅಂದೆ. ಕೊಬ್ಬರಿ 200 ಗ್ರಾಂ, ಉದ್ದಿನಬೇಳೆ 100, ಕಡಲೆಬೇಳೆ 100, ಬ್ಯಾಡಗಿ ಮೆಣಸು ಎಣಿಸಿ 25, ನಿಂಬೆಗಾತ್ರದ ಹುಣಸೆ, ಅದರರ್ಧ ಬೆಲ್ಲ, ಕರಿಬೇವು ಎರಡು ಹಿಡಿ, ಇಂಗು, ಉಪ್ಪು. ಬೇಳೆ ಬೇರೆ ಹುರಿಯಬೇಕು, ಮೆಣಸು ಬೇರೆ, ಕೊಬ್ಬರಿಯನ್ನು ಬರೀ ಬಿಸಿ ಮಾಡಿದರೆ ಸಾಕು. ಎಲ್ಲ ಫೋನಿನಲ್ಲಿ ಒತ್ತಿಕೊಂಡ. ಆಮೇಲೆ ಕೇಳಿದ:

“ಹೆಸರು ಯಾರದ್ದು ಹಾಕ್ಲಿ?”

“ನಂದೇ ಹಾಕು.”

“ಅದೇ ಪ್ರಾಬ್ಲೆಮ್. ಮ್ಯೂಸಿಶಿಯನ್‌ದೇ ರೆಸಿಪಿ ಆಗ್ಬೇಕು ಅಂತ ರೂಲ್ ಮಾಡಿದ್ದು ನಾನೇ. ಡ್ರಮ್ಸ್‌ನವಳು ಅವಳಜ್ಜಿಯ ಪೈ ಕೊಡ್ತೇನೆ ಅಂದ್ಲು, ಬೇಡ ಅಂದೆ. ಈಗ ನಮ್ಮಮ್ಮಂದು ಹೇಗೆ ಹಾಕ್ಲಿ?”

“ಹಾಗಾದ್ರೆ ನಿನ್ನ ಹೆಸರು ಹಾಕ್ಕೋ.”

“ನಾನು ಮಾಡಿದ್ದಲ್ವಲ್ಲ. ಸುಳ್ಳಾಗ್ತದೆ.”

ಒಳ್ಳೆ ಹುಡುಗ ಅನ್ನಿಸಿ ಎದೆ ತುಂಬಿತು. ಪುಡಿ ತುಂಬಿಸುತ್ತಿದ್ದ ಕೈ ನಿಂತಿತ್ತು. ಯೋಚನೆ ಮಾಡಿ ಹೇಳಿದ ಮಾತಲ್ಲ, ಬಂದುಬಿಟ್ಟಿತು:

“ಅದು ನಂದೂ ಅಲ್ಲ ಮಾಣಿ. ನಿನ್ನಜ್ಜ ತಂದದ್ದು. ಅಜ್ಜ ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸ್ತಿದ್ರು.”

ಅವನು ಫೋನು ಕೆಳಗಿಟ್ಟ.

“ಅಜ್ಜ ಫಾರ್ಮರ್ ಅಂತ ಹೇಳಿದ್ದಿ.”

“ಮಳೆಗಾಲದಲ್ಲಿ ಗದ್ದೆ. ದೀಪಾವಳಿ ಕಳೀತು ಅಂದ್ರೆ ಮೇಳ. ಮೇ ಕೊನೆಗೆ ಗೆಜ್ಜೆ ಬಿಚ್ಚೋವರೆಗೆ ಮನೆಗೆ ಬಂದ್ರೆ ಬಂದ್ರು.”

“ಎಷ್ಟು ವರ್ಷ?”

“ಇಪ್ಪತ್ತೆರಡು ತಿರುಗಾಟ.”

“ತಿರುಗಾಟ ಅಂದ್ರೆ?”

“ಟೂರ್.”

ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. “ಹತ್ತೊಂಬತ್ತು ವರ್ಷಕ್ಕೆ ಕಾಲೇಜ್ ಬಿಟ್ಟು ಬೇಸ್ ಗಿಟಾರ್ ಹಿಡ್ಕೊಂಡಾಗ ನೀನು ಇದೇ ಕುರ್ಚಿಲಿ ಕೂತು ಒಂದು ಮಾತು ಹೇಳಿದ್ದಿ. ನಮ್ಮ ಮನೇಲಿ ಯಾರೂ ಹೀಗೆ ಊರೂರು ತಿರುಗಿ ಹೊಟ್ಟೆ ಹೊರೆದವರಿಲ್ಲ ಅಂತ. ಕನ್ನಡದಲ್ಲೇ ಹೇಳಿದ್ದಿ. ನಂಗೆ ಪೂರ್ತಿ ನೆನಪಿದೆ.”

ನನಗೂ ನೆನಪಿದೆ. ಏನು ಹೇಳಲಿ.

ಮದುವೆ ಮಾತುಕತೆಗೆ ಬಂದವರಿಗೆ ದೊಡ್ಡಪ್ಪ ಹೇಳಿದ್ದು ಹುಡುಗಿಯ ಅಪ್ಪ ಕೃಷಿಕರು ಅಂತ. ಆಗ ಅಪ್ಪಯ್ಯ ಅಲ್ಲೇ ಜಗಲಿಯಲ್ಲಿ ಕೂತು ಎಲೆ ಮಡಚುತ್ತಿದ್ದರು, ತಲೆ ಎತ್ತಲಿಲ್ಲ. ಆ ಮಾತು ನನ್ನ ಜೊತೆ ವಿಮಾನ ಹತ್ತಿ ಇಲ್ಲಿಗೂ ಬಂತು. ನಾಚಿಕೆಯಿಂದ ಅಂದರೆ ಪೂರ್ತಿ ಸರಿಯಾಗುವುದಿಲ್ಲ. ಸಿಟ್ಟು ಇತ್ತು. ನನಗೆ ಟೈಫಾಯಿಡ್ ಆದ ವರ್ಷ ಅವರು ಘಟ್ಟದ ಮೇಲಿದ್ದರು. ಹತ್ತನೇ ಕ್ಲಾಸಿನ ರಿಸಲ್ಟಿನ ದಿನ ಎಲ್ಲಿದ್ದರೋ ಅಮ್ಮನಿಗೇ ಗೊತ್ತಿರಲಿಲ್ಲ. ಅಮ್ಮ ಆರು ತಿಂಗಳು ಬೆಳಗಿನ ಜಾವದ ಬಸ್ಸಿನ ಸದ್ದಿಗೆ ಕಿವಿ ಕೊಟ್ಟುಕೊಂಡೇ ಮಲಗುತ್ತಿದ್ದಳು. ನಾನು ಅದನ್ನು ನೋಡಿ ಬೆಳೆದವಳು. ನನ್ನ ಮಗನಿಗೆ ಅದು ಬೇಡ ಅಂದುಕೊಂಡೆ. ಈಗ ಅವನ ವ್ಯಾನಿನ ಸದ್ದಿಗೆ ನಾನು ಕಿವಿ ಕೊಡುತ್ತಿದ್ದೇನೆ.

ಇಷ್ಟನ್ನೆಲ್ಲ ಹೇಳಲಿಲ್ಲ. ಹೇಳಿದ್ದು ಅಡುಗೆಯ ವಿಷಯ.

ಹರಕೆಯ ಆಟ ಅಂದರೆ ಆಡಿಸುವ ಮನೆಯವರೇ ಇಡೀ ಮೇಳಕ್ಕೆ ಊಟ ಹಾಕಬೇಕು. ಭಾಗವತರು, ಮದ್ದಳೆ, ಚೆಂಡೆ, ವೇಷದವರು, ಪೆಟ್ಟಿಗೆ ಹೊರುವವರು, ಎಲ್ಲರಿಗೂ. ರಾತ್ರಿ ಚೌಕಿಯಲ್ಲಿ ಬಣ್ಣಕ್ಕೆ ಕೂರುವ ಮೊದಲು ಒಂದು ಊಟ. ಬೆಳಗಾಗುವವರೆಗೆ ಆಟ. ಆಮೇಲೆ ಮುಂದಿನ ಊರಿನ ಬಿಡಾರ, ನಿದ್ದೆ. ಅಪ್ಪಯ್ಯನಿಗೆ ಒಂದು ಲೋಟ ಚಾ ಕಾಸಲು ಬರುತ್ತಿರಲಿಲ್ಲ, ಆದರೆ ನಾಲಿಗೆ ಚೆನ್ನಾಗಿತ್ತು. ಯಾವ ಮನೆಯಲ್ಲಿ ಯಾವುದು ರುಚಿಯಾಯಿತೋ ಅದನ್ನು ಮನೆಗೆ ಬಂದು ಅಮ್ಮನಿಗೆ ಹೇಳುತ್ತಿದ್ದರು. ಏನೇನು ಹಾಕಿದ್ದಾರೆ ಅಂತ ಅವರಿಗೆ ಗೊತ್ತಿಲ್ಲ. “ಮೊದಲು ಹುಳಿ ಬರ್ತದೆ, ನುಂಗುವಾಗ ಖಾರ, ನೀರು ಕುಡಿದ ಮೇಲೆ ಸಣ್ಣಕೆ ಸಿಹಿ” ಅನ್ನುತ್ತಾ ಮಣೆಯ ಅಂಚಿನ ಮೇಲೆ ಬೆರಳಿನಲ್ಲಿ ಬಡಿದು ತೋರಿಸುತ್ತಿದ್ದರು, ಎಷ್ಟು ಹೊತ್ತಿಗೆ ಯಾವುದು ಬರಬೇಕು ಅಂತ. ಅಮ್ಮ ಮಾಡುವಳು, ಅಲ್ಲ ಅನ್ನುವರು. ಮತ್ತೆ ಮಾಡುವಳು. ಹೀಗೆ ನಮ್ಮ ಮನೆಗೆ ಸಾಗರದ ಅಪ್ಪೆಹುಳಿ ಬಂತು, ತೀರ್ಥಹಳ್ಳಿ ಕಡೆಯ ಕಡುಬು ಬಂತು. ಕರಾವಳಿಯ ನಮ್ಮ ಕೇರಿಯಲ್ಲಿ ಬೇರೆ ಯಾರ ಮನೆಯಲ್ಲೂ ಅವು ಇರಲಿಲ್ಲ. ಪ್ರತಿ ಅಡುಗೆಗೂ ಊರಿನದೇ ಹೆಸರು. ಈ ಪುಡಿಗೆ ಅಮ್ಮ ಅನ್ನುತ್ತಿದ್ದದ್ದು ಹೊಸನಗರದ ಪುಡಿ. ಇಲ್ಲಿಗೆ ಬಂದ ಮೇಲೆ ಆ ಹೆಸರು ಎಲ್ಲಿ ಬಿದ್ದು ಹೋಯಿತೋ.

“ಚೆಂಡೆ ಎಲ್ಲಿರ್ತದೆ ಸ್ಟೇಜಲ್ಲಿ?” ಅಂತ ಕೇಳಿದ.

“ಭಾಗವತರ ಜೊತೆ, ಹಿಂದೆ. ಹಿಮ್ಮೇಳ ಅಂತಾರೆ. ಜನ ನೋಡೋದು ಮುಂದೆ ಕುಣಿಯೋರನ್ನ. ಆದ್ರೆ ಚೆಂಡೆ ನಿಂತ್ರೆ ಅವರ ಕಾಲೂ ನಿಲ್ತದೆ.”

“ಬೇಸ್ ಹಾಗೇ,” ಅಂದ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಒಂದು ಚಮಚ ಪುಡಿಯನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದ, ಎರಡು ವರ್ಷದ ಮಗುವಾಗಿದ್ದಾಗ ಮಾಡುತ್ತಿದ್ದ ಹಾಗೆ. ಬೆರಳು ಮೇಜಿನ ಮೇಲೆ ಬಡಿಯುತ್ತಿತ್ತು. ಅವನಿಗೆ ಗೊತ್ತಿಲ್ಲದೆಯೇ ಇರಬೇಕು.

ಅವನು ಹುಟ್ಟುವ ಎರಡು ವರ್ಷ ಮೊದಲೇ ಅಪ್ಪಯ್ಯ ಹೋದರು.

ಇವತ್ತು ಕೆಲಸದ ನಡುವೆ ಇದೇ ತಲೆಯಲ್ಲಿ. ಗ್ಲಾಸ್ಗೋದ ಫ್ರಾಂಜ್ ಫರ್ಡಿನಾಂಡ್ ಬ್ಯಾಂಡಿನ ಅಲೆಕ್ಸ್ ಕಪ್ರಾನೋಸ್ ಹಾಡುಗಾರನಾಗಿ ಹೆಸರು ಮಾಡುವ ಮುಂಚೆ ಅಡುಗೆಭಟ್ಟನಾಗಿದ್ದವನು. ಟೂರಿನಲ್ಲಿ ಊರೂರಲ್ಲಿ ತಿಂದದ್ದನ್ನು ಗಾರ್ಡಿಯನ್ ಪತ್ರಿಕೆಗೆ ಬರೆದ, 2006ರಲ್ಲಿ ಅದು ಪುಸ್ತಕವೂ ಆಯಿತು. ಮಾಣಿಯ ಬ್ಯಾಂಡು ನಾಳೆ ಬಾರಿಸುವ ಯೂಜೀನ್ ಊರಿನಲ್ಲೇ ಬೆಳೆದ ಮಿಶೆಲ್ ಝೌನರ್, ಜ್ಯಾಪನೀಸ್ ಬ್ರೇಕ್‌ಫಸ್ಟ್ ಬ್ಯಾಂಡಿನವಳು. 2014ರಲ್ಲಿ ತೀರಿಕೊಂಡ ಅಮ್ಮನ ಕೊರಿಯನ್ ಅಡುಗೆಯನ್ನು ಆಮೇಲೆ ತಾನೇ ಕಲಿತು, 2021ರಲ್ಲಿ ‘ಕ್ರೈಯಿಂಗ್ ಇನ್ ಎಚ್ ಮಾರ್ಟ್’ ಅಂತ ಒಂದಿಡೀ ಪುಸ್ತಕ ಬರೆದಳು. ಲಿನ್‌ವುಡ್‌ನ ಎಚ್ ಮಾರ್ಟ್ ಎನ್ನುವ ಕೊರಿಯನ್ ದಿನಸಿ ಅಂಗಡಿಗೆ ಹೋದಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ. ಅಪ್ಪಯ್ಯ ಒಂದು ಸಾಲೂ ಬರೆದಿಡಲಿಲ್ಲ. ಬರೆಯುವಂಥದ್ದು ಅಂತ ಅವರಿಗೆ ಯಾರೂ ಹೇಳಲೂ ಇಲ್ಲ. ನಾನಂತೂ ಹೇಳಲಿಲ್ಲ.

ಎಂಟು ಗಂಟೆಗೆ ಪೋರ್ಟ್‌ಲ್ಯಾಂಡಿನಿಂದ ಫೋಟೋ ಬಂತು. ಸ್ಪೀಕರ್ ಪೆಟ್ಟಿಗೆಯ ಮೇಲೆ ಪೇಪರ್ ತಟ್ಟೆ, ಬ್ರೆಡ್ಡು, ಪೀನಟ್ ಬಟರಿನ ಮೇಲೆ ಕೆಂಪು ಪುಡಿ. ಕ್ಲಬ್ಬಿನವರು ಊಟದ ಬದಲು ತಲೆಗೆ ಹದಿನೈದು ಡಾಲರ್ ಕೊಟ್ಟರಂತೆ, ಅದನ್ನು ಪೆಟ್ರೋಲಿಗೆ ಎತ್ತಿಟ್ಟರಂತೆ. ಕೆಳಗೆ ಒಂದು ಸಾಲು: ಅಜ್ಜನ ಹೆಸರಿನ ಸ್ಪೆಲಿಂಗ್ ಕಳಿಸು, ಹೊಸನಗರದ್ದೂ.

ಕಳಿಸುವ ಮೊದಲು ಅಕ್ಕನಿಗೆ ಫೋನ್ ಮಾಡಿದೆ. ಇಲ್ಲಿ ರಾತ್ರಿ 9.40, ಅಲ್ಲಿ ನಾಳೆ ಬೆಳಿಗ್ಗೆ 11.10. ಅಕ್ಕ ಹೇಳಿದಳು, “ಹೊಸನಗರ ಎಲ್ಲಿಂದ ಬಂತೇ? ಹೊಸನಗರದ್ದು ಮೆಣಸಿನ ಬಾಳಕ. ಪುಡಿ ಕೊಪ್ಪದ್ದು. ಅಲ್ಲಿ ಒಬ್ಬ ಹೆಂಗಸು, ಗಂಡ ತೀರಿಕೊಂಡವಳು, ಹರಕೆ ಹೊತ್ತು ಆಟ ಆಡ್ಸಿದ್ಲು. ಊಟಕ್ಕೆ ಬೇರೇನೂ ಇರ್ಲಿಲ್ಲವಂತೆ, ಕುಚ್ಚಲಕ್ಕಿ ಅನ್ನ, ಮಜ್ಜಿಗೆ, ಈ ಪುಡಿ. ಅಪ್ಪಯ್ಯ ಮೂರು ಸಲ ಬಡಿಸ್ಕೊಂಡ್ರಂತೆ. ಹೊರಡುವಾಗ ಬಾಳೆಎಲೆಲಿ ಕಟ್ಟಿ ಕೊಟ್ಟಿದ್ಲು.”

ಅವಳ ಹೆಸರೇನು ಅಂತ ಕೇಳಿದೆ.

“ಅಪ್ಪಯ್ಯಂಗೆ ಗೊತ್ತಿತ್ತು,” ಅಂದಳು ಅಕ್ಕ.

ಮಾಣಿಗೆ ಏನು ಬರೆಯಲಿ? ಅವನ ನಿಯಮಕ್ಕೆ ಅಪ್ಪಯ್ಯ ಸರಿಹೊಂದುತ್ತಾರೆ. ಆದರೆ ಅಪ್ಪಯ್ಯ ತಿಂದವರು, ಮಾಡಿದವರಲ್ಲ. ಡ್ರಮ್ಸ್ ಹುಡುಗಿಯ ಅಜ್ಜಿಯ ಪೈಯನ್ನೂ ಸೇರಿಸು ಅಂತ ಹೇಳಬೇಕು, ಅದೊಂದು ಖಂಡಿತ. ಇವರು ಪಕ್ಕದ ಕೋಣೆಯಲ್ಲಿ ಒರೆಗಾನ್ ರಸ್ತೆ ಇಲಾಖೆಯ ಕ್ಯಾಮೆರಾ ತೆರೆದು ಸಿಸ್ಕಿಯೂ ಘಟ್ಟ ನೋಡುತ್ತಾ ಕೂತಿದ್ದಾರೆ. ಈಗ ಬರೀ ರಸ್ತೆ ಕಾಣಿಸುತ್ತದಂತೆ, ಒದ್ದೆಯಾಗಿದೆಯಂತೆ.

ಫೋನಿಡುವಾಗ ಅಕ್ಕ ಇನ್ನೊಂದು ಮಾತು ಹೇಳಿದಳು. ಆ ಹೆಂಗಸು ಹಾಕಿದ್ದು ಹುಣಸೆ ಅಲ್ಲವಂತೆ, ಒಣಗಿಸಿದ ವಾಟೆಹುಳಿ. ನಮ್ಮಲ್ಲಿ ಸಿಗುವುದಿಲ್ಲ ಅಂತ ಅಮ್ಮ ಹುಣಸೆ ಹಾಕಿದಳು, ಅಪ್ಪಯ್ಯ ಅದನ್ನು ತಿಂದು ಅಲ್ಲ ಅಂದರು, ಮತ್ತೆ ಮಾಡಿದಳು, ಅಲ್ಲ ಅಂದರು, ಕೊನೆಗೆ ಒಂದು ದಿನ ಸುಮ್ಮನೆ ಉಂಡು ಎದ್ದರಂತೆ. ಹಾಗಾದರೆ ನಾನು ಮಾಣಿಗೆ ಬರೆಸಿದ 25 ಮೆಣಸು, ನಿಂಬೆಗಾತ್ರದ ಹುಣಸೆ, ಅದು ಅಪ್ಪಯ್ಯ ಬೆರಳಿನಲ್ಲಿ ಬಡಿದು ತೋರಿಸಿದ್ದಲ್ಲ, ಅಮ್ಮ ಮಾಡಿದ್ದು.