ಕಾಣಿಸದ ದೆವ್ವವೇ ಜಾಸ್ತಿ ಹೆದರಿಸುತ್ತದೆ

ಹಾರರ್ ಸಿನಿಮಾ ಮಾಡುವವರು ಅರ್ಧ ಕೆಲಸವನ್ನಷ್ಟೇ ಮಾಡುತ್ತಾರೆ. ಉಳಿದರ್ಧ ನಡೆಯುವುದು ನೋಡುವವರ ತಲೆಯಲ್ಲಿ. ಈ ಬಗೆಯ ಸಿನಿಮಾ ಇಷ್ಟು ವರ್ಷ ಬಾಳಿಕೆ ಬಂದಿರುವುದು ಇದಕ್ಕೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮೇಕಪ್ ಹಳೆಯದಾಗುತ್ತದೆ, ಗ್ರಾಫಿಕ್ಸ್ ಹಳೆಯದಾಗುತ್ತದೆ. ಕತ್ತಲಲ್ಲಿ ಏನೋ ಇದೆ ಅಂದುಕೊಳ್ಳುವ ನಮ್ಮ ಬುದ್ಧಿ ಮಾತ್ರ ಹಾಗೇ ಇದೆ, ಅಲ್ವಾ?

1942ರಲ್ಲಿ ಬಂದ ‘ಕ್ಯಾಟ್ ಪೀಪಲ್’ ನೋಡಿ. ತಾನು ಚಿರತೆಯಾಗಿಬಿಡುತ್ತೇನೆ ಅಂತ ನಂಬಿದ ಹೆಣ್ಣೊಬ್ಬಳ ಕಥೆ ಅದು. ರಾತ್ರಿ ಹೊತ್ತು ಒಬ್ಬಳು ಪಾರ್ಕಿನ ಗೋಡೆಯ ಪಕ್ಕ ನಡೆದು ಹೋಗುತ್ತಿರುತ್ತಾಳೆ. ಹಿಂದೆ ಇನ್ನೊಬ್ಬಳ ಹೀಲ್ಸ್ ಸದ್ದು. ಟಕ್ ಟಕ್ ಟಕ್. ಬೀದಿ ದೀಪದ ಬೆಳಕು, ಆಮೇಲೆ ಕತ್ತಲು, ಮತ್ತೆ ಬೆಳಕು. ಒಂದು ಕಡೆ ಹಿಂದಿನ ಸದ್ದು ನಿಂತೇ ಹೋಗುತ್ತದೆ. ತಿರುಗಿ ನೋಡಿದರೆ ಯಾರೂ ಇಲ್ಲ. ಅವಳು ಬಿರಬಿರನೆ ಹೆಜ್ಜೆ ಹಾಕುತ್ತಾಳೆ, ಓಡುತ್ತಾಳೆ. ಆಗ ಬುಸ್ಸೆಂದು ಒಂದು ಸದ್ದು. ಜೀವ ಬಾಯಿಗೆ ಬರುತ್ತದೆ. ನೋಡಿದರೆ ಅದು ಬಸ್ಸು ಬಂದು ನಿಂತ ಸದ್ದು! ಆ ಹೊತ್ತಿಗೆ ಒಂದು ಉಗುರನ್ನೂ ನಮಗೆ ತೋರಿಸಿರುವುದಿಲ್ಲ. ಬಸ್ಸು ಬರುತ್ತದೆ ಅಂತ ಗೊತ್ತಿದ್ದೂ ನಾನು ಬೆಚ್ಚಿ ಬೀಳುತ್ತೇನೆ. ಈ ಉಪಾಯಕ್ಕೆ ನಿರ್ಮಾಪಕ ವಾಲ್ ಲ್ಯೂಟನ್ ಹೆಸರಿನಲ್ಲಿ ‘ಲ್ಯೂಟನ್ ಬಸ್’ ಅಂತಲೇ ಹೆಸರು ಬಿದ್ದಿದೆ.

ಕಾಣಿಸದ್ದನ್ನು ನಾವು ಊಹಿಸುವ ಹಾಗೆ ಮಾಡುವುದು ಸದ್ದು. ಅನುಮಾನ ಇದ್ದರೆ ನಿಮಗೆ ತುಂಬಾ ಭಯ ಹುಟ್ಟಿಸಿದ ಯಾವುದಾದರೂ ದೃಶ್ಯವನ್ನು ಮ್ಯೂಟ್ ಮಾಡಿ ನೋಡಿ. ಯಾರೋ ಸುಮ್ನೆ ಮನೆಯೊಳಗೆ ಓಡಾಡುತ್ತಿದ್ದಾರೆ ಅನ್ನಿಸುತ್ತದೆ, ಅಷ್ಟೇ. ನಿರ್ದೇಶಕ ಜಾನ್ ಕಾರ್ಪೆಂಟರ್ 1978ರ ‘ಹ್ಯಾಲೋವೀನ್’ ಅನ್ನು ಸಂಗೀತ ಸೇರಿಸುವ ಮೊದಲು ಸ್ಟುಡಿಯೋದವರೊಬ್ಬರಿಗೆ ತೋರಿಸಿದಾಗ ಅವರಿಗೆ ಒಂದಿಷ್ಟೂ ಹೆದರಿಕೆ ಆಗಲಿಲ್ಲವಂತೆ. ಆಮೇಲೆ ಕಾರ್ಪೆಂಟರ್ ತಾವೇ ಸಂಗೀತ ಮಾಡಿದರು. ಪಿಯಾನೋದ ನಾಲ್ಕಾರು ಸ್ವರ, ಐದು ಎಣಿಕೆಯ ಲಯ. ಆ ಲಯಕ್ಕೆ ಕಾಲು ಕುಟ್ಟಲು ಹೋದರೆ ಎಲ್ಲೋ ಒಂದು ಕಡೆ ತಪ್ಪಿದ ಹಾಗಾಗುತ್ತದೆ. ಮನಸ್ಸಿಗೆ ನೆಮ್ಮದಿ ಸಿಗುವುದೇ ಇಲ್ಲ.

ದುಡ್ಡಿನ ಲೆಕ್ಕವೂ ಇದನ್ನೇ ಹೇಳುತ್ತದೆ. ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ಗೆ ಮೊದಲು ಖರ್ಚಾದದ್ದು ಸುಮಾರು 15,000 ಡಾಲರ್. 2009ರಲ್ಲಿ ಎಲ್ಲ ಕಡೆ ಬಿಡುಗಡೆಯಾಗಿ 19 ಕೋಟಿ ಡಾಲರಿಗೂ ಜಾಸ್ತಿ ಗಳಿಸಿತು. ಮಲಗುವ ಕೋಣೆಯಲ್ಲಿ ಕ್ಯಾಮೆರಾ ಇಟ್ಟಿದ್ದಾರೆ, ಇಬ್ಬರು ಮಲಗಿದ್ದಾರೆ, ಬಾಗಿಲು ತಾನಾಗೇ ಒಂಚೂರು ಅಲುಗುತ್ತದೆ. ಆ ಅಲುಗಾಟಕ್ಕಾಗಿ ನಾವೇ ಪರದೆಯ ಮೂಲೆ ಮೂಲೆ ಹುಡುಕುತ್ತಾ ಕೂತಿರುತ್ತೇವೆ.

ಹೆದರಿಕೆ ಆದರೆ ಯಾಕೆ ನೋಡ್ತೀರಿ ಅಂತ ಕೇಳುವವರಿಗೆ ನನ್ನ ತಂಗಿಯನ್ನು ತೋರಿಸಬೇಕು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿರುತ್ತಾಳೆ, ಬೆರಳ ಸಂದಿ ಮಾತ್ರ ತೆರೆದೇ ಇರುತ್ತದೆ. ಜಾಸ್ತಿ ಆಯಿತು ಅನ್ನಿಸಿದರೆ ಬೆರಳು ಕೂಡಿಸುತ್ತಾಳೆ, ಧೈರ್ಯ ಬಂದರೆ ಬಿಡಿಸುತ್ತಾಳೆ. “ಆಫ್ ಮಾಡ್ಲೇನೇ?” ಅಂದರೆ “ಬೇಡ ಅಕ್ಕಾ, ಏನಾಯ್ತು ಅಂತ ಹೇಳು” ಅನ್ನುತ್ತಾಳೆ. ಎಷ್ಟು ಹೆದರಬೇಕು ಅನ್ನುವುದು ಅವಳ ಕೈಯಲ್ಲೇ ಇದೆ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದವರು 110 ಜನರಿಗೆ ಎದೆಬಡಿತ ಅಳೆಯುವ ಸಾಧನ ಕಟ್ಟಿ ಜನರನ್ನು ಹೆದರಿಸಲೆಂದೇ ಸಜ್ಜು ಮಾಡಿದ ಭೂತಬಂಗಲೆಯೊಳಗೆ ಕಳಿಸಿದ್ದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ತೀರಾ ಕಡಿಮೆ ಹೆದರಿದಾಗಲೂ ತೀರಾ ಜಾಸ್ತಿ ಹೆದರಿದಾಗಲೂ ಮಜಾ ಕಡಿಮೆ. ನಡುವಿನಲ್ಲೆಲ್ಲೋ ಮಜಾ ಜಾಸ್ತಿ. ತಂಗಿಯ ಬೆರಳು ಹುಡುಕುವುದೂ ಅದೇ ಜಾಗವನ್ನು.

ರಕ್ತ ಚಿಮ್ಮಿಸಿ, ಕೈಕಾಲು ಕಡಿದು ತೋರಿಸುವ ಸಿನಿಮಾಗಳು ನನಗೆ ಹಿಡಿಸುವುದಿಲ್ಲ. ಅಲ್ಲಿ ಎಲ್ಲವನ್ನೂ ತೋರಿಸಿಬಿಡುತ್ತಾರೆ. ಊಹಿಸಲು ಏನೂ ಉಳಿದಿರುವುದಿಲ್ಲ, ಹೊಟ್ಟೆ ತೊಳಸುತ್ತದೆ ಅಷ್ಟೇ. ಹೊಸದಾಗಿ ಹಾರರ್ ಮಾಡುವವರನ್ನು ನಾನು ಕೇಳಿಕೊಳ್ಳುವುದು ಇಷ್ಟೇ: ದೆವ್ವವನ್ನು ಆದಷ್ಟು ಹೊತ್ತು ಬಾಗಿಲ ಆಚೆಯೇ ನಿಲ್ಲಿಸಿ. ಚಿಲಕ ಅಲುಗಾಡಿಸಿದರೆ ಸಾಕು, ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ.